ಒಳಗೆ ಬಿಡಲಿಲ್ಲ ಎಂದು ನಾನು ಹೇಳಿದ ಬೇಸಿಗೆ

ನಿನ್ನೆ ಮಧ್ಯಾಹ್ನ ಕೆಳಗಿನ ಮನೆಯಿಂದ ಬಟ್ಟೆ ಹರಿಯುವ ಸದ್ದು ಬಂತು. ಹಳೆಯ ಹತ್ತಿ ಸೀರೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಬಿಡಿಸಿ, ಒಂದೇ ಎಳೆತಕ್ಕೆ ಉದ್ದಕ್ಕೂ ಸೀಳುವ ಸದ್ದು. ಅದರ ಬೆನ್ನಿಗೇ ಕಡಿದಾದ ಮೆಟ್ಟಿಲು ಹತ್ತಿಕೊಂಡು ನುಸಿಗುಳಿಗೆಯ ವಾಸನೆಯೂ ಮೇಲೆ ಬಂತು. ಅಕ್ಷತಾ ಟ್ರಂಕು ತೆರೆದಿದ್ದಾಳೆ, ಹುಟ್ಟುವ ಕೂಸಿಗೆ ಮೆತ್ತನೆಯ ಬಟ್ಟೆ ಮಾಡಿಕೊಳ್ಳುತ್ತಿದ್ದಾಳೆ ಎಂದು ಗೊತ್ತಾಯಿತು. ಅವಳಿಗೀಗ ಎಂಟನೆಯ ತಿಂಗಳು, ಎರಡನೆಯ ಬಸಿರು. ನಾನು ಓದುತ್ತಿದ್ದ ಪೇಪರನ್ನು ಮಡಿಸಿಟ್ಟೆ. ಫ್ರಾಂಕ್ಲಿ, ಓದಲು ಆಗಲಿಲ್ಲ. ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ ಹೀಗೇ ನಾವಿಬ್ಬರೂ ಎದುರುಬದುರು ಕೂತು ನನ್ನ ಹಳೆಯ ಸೀರೆಗಳನ್ನು ಹರಿದಿದ್ದೆವು. ಆ ಬೇಸಿಗೆಯ ಮಾತು ಬಂದಾಗಲೆಲ್ಲ ಈ ಮನೆಯಲ್ಲಿ ನನ್ನನ್ನು ಹೊಗಳುತ್ತಾರೆ. ನಾನು ತಲೆ ತಗ್ಗಿಸುತ್ತೇನೆ. ಅದನ್ನು ವಿನಯ ಎಂದುಕೊಳ್ಳುತ್ತಾರೆ.

ಕಾಶಿಯ ಹನುಮಾನ್ ಘಾಟಿನ ಈ ಮನೆ ನನ್ನ ಗಂಡನ ಮನೆತನದ್ದು. ದಕ್ಷಿಣದಿಂದ ಬರುವ ಯಾತ್ರಿಕರಿಗೆ ಸಂಕಲ್ಪ, ತರ್ಪಣ, ಪಿಂಡ ಮಾಡಿಸುವುದು ಇವರ ವೃತ್ತಿ. ನನ್ನ ಗಂಡ ಮಾತ್ರ ಅದನ್ನು ಬಿಟ್ಟು ಕಾಲೇಜಿನಲ್ಲಿ ಪಾಠ ಹೇಳಿದರು. ನಾನು ಮೂವತ್ತೆಂಟು ವರ್ಷ ಇಲ್ಲಿಯ ನನ್‌ಗಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದೆ. ನಾನು ಓದಿದ್ದೂ ಮೈಸೂರಿನ ಕಾನ್ವೆಂಟ್ ಬೋರ್ಡಿಂಗಿನಲ್ಲಿಯೇ. ಗಂಡ ಹೋದ ಮೇಲೆ ಮೇಲಿನ ಎರಡು ಕೋಣೆಗಳಲ್ಲಿ ಒಬ್ಬಳೇ ಇದ್ದೇನೆ. ಕೆಳಗೆ ನನ್ನ ವಾರಗಿತ್ತಿ ಇಂದಿರಾ, ಅವಳ ಮಗ ಗಜಾನನ. ಗಜಾನನನ ಹೆಂಡತಿಯೇ ಅಕ್ಷತಾ. ಗದಗಿನ ಕಡೆಯ ಹಳ್ಳಿಯ ಹುಡುಗಿ, ಆಗ ಇಪ್ಪತ್ತೆರಡು. ಶಾಲೆಯಲ್ಲಿ ಹಿಂದಿಯ ಬದಲು ಸಂಸ್ಕೃತ ತೆಗೆದುಕೊಂಡಿದ್ದವಳು. ಮದುವೆಯಾಗಿ ಬಂದ ಮೇಲೂ ಮನೆಯೊಳಗೆಲ್ಲ ಕನ್ನಡವೇ ಆದ್ದರಿಂದ, ತರಕಾರಿಯವನ ಹತ್ತಿರ ಬೆರಳು ತೋರಿಸಿ ಕೊಳ್ಳುವಷ್ಟು ಹಿಂದಿ ಮಾತ್ರ ಬರುತ್ತಿತ್ತು.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಅವಳಿಗೆ ತಾಯಿ ಇರಲಿಲ್ಲ. ಅಣ್ಣನ ಮನೆಗಾದರೂ ಹೋಗುವುದೆಂದು ಟಿಕೆಟ್ ಮಾಡಿಸಿದ್ದರು. ಹೋಳಿಯ ಹೊತ್ತಿಗೆ ಸ್ವಲ್ಪ ರಕ್ತ ಕಾಣಿಸಿಕೊಂಡಿತು. ಎರಡು ದಿನದ ಟ್ರೇನು ಸಾಧ್ಯವೇ ಇಲ್ಲ, ಇಲ್ಲೇ ಹೆರಬೇಕು ಎಂದು ಡಾಕ್ಟರ್ ಹೇಳಿಬಿಟ್ಟರು. ಇಲ್ಲಿ ಎಂದರೆ ಸರ್ಕಾರಿ ಹೆಣ್ಣುಮಕ್ಕಳ ಆಸ್ಪತ್ರೆ. ಇಂದಿರಾಗೆ ಮಂಡಿನೋವು ಒಂದು, ಮಡಿ ಇನ್ನೊಂದು.

"ಅಕ್ಕಾ, ನನ್ನ ಘುಟನಾ ನೋಡ್ರಿ, ನಾಲ್ಕು ಸೀಡೀ ಹತ್ತೂದಾಗೂದಿಲ್ಲ. ನೀವು ಪಢೀ-ಲಿಖೀ. ಡಾಕ್ಟರ್ ಜೋಡಿ ಅಂಗ್ರೇಜಿ ಒಳಗ ಟಕಾಟಕ್ ಮಾತಾಡ್ತೀರಿ. ನೀವ ಕರ್ಕೊಂಡ್ ಹೋಗ್ರಿ" ಎಂದಳು. ಕಾಶಿಯಲ್ಲೇ ಹುಟ್ಟಿ ಬೆಳೆದ ಅವಳ ಕನ್ನಡ ಹಾಗೆಯೇ.

ನನಗೆ ಒಳಗೊಳಗೇ ಖುಷಿಯಾಯಿತು. ರಿಟೈರ್ ಆದ ಮೇಲೆ ಯಾರೂ ನನ್ನನ್ನು ಯಾವುದಕ್ಕೂ ಕರೆದಿರಲಿಲ್ಲ.

ಮೊದಲ ದಿನ ಹೆಸರು ಬರೆಸುವ ಕಿಟಕಿಯಲ್ಲಿ ಗುಮಾಸ್ತ ತಲೆಯೆತ್ತದೆ ಕೇಳುತ್ತಾ ಹೋದ. "ನಾಮ್? ಉಮರ್? ಶಿಕ್ಷಾ?"

ಅಕ್ಷತಾ ನನ್ನ ತೋಳು ಹಿಡಿದುಕೊಂಡಳು. "ಶಿಕ್ಷಾ ಯಾಕ್ರಿ ದೊಡ್ಡತ್ತಿ? ನಾ ಏನ್ ತಪ್ಪ್ ಮಾಡೀನಿ?"

"ಅಯ್ಯೋ, ಹಿಂದಿಯಲ್ಲಿ ಶಿಕ್ಷಾ ಅಂದ್ರೆ ಓದು ಕಣೇ. ಎಷ್ಟು ಓದಿದೀಯ ಅಂತ ಕೇಳ್ತಿದ್ದಾನೆ."

"ಓದಿಗೆ ಶಿಕ್ಷಾ ಅಂತಾರ? ಹಂಗಾದ್ರ ಇವರದ ಖರೆ ಅದ ಬಿಡ್ರಿ" ಎಂದು ಅಷ್ಟು ಜನರ ಮಧ್ಯೆ ಗಟ್ಟಿಯಾಗಿ ನಕ್ಕಳು.

ಒಳಗೆ ನರ್ಸ್ ತೂಕ ನೋಡಿ, ರಕ್ತದೊತ್ತಡ ನೋಡಿ, ತಾಯಿ-ಮಗುವಿನ ಕಾರ್ಡು ಮಾಡಿಕೊಟ್ಟಳು. ಹೆರಿಗೆಯ ಹೊತ್ತಿನಲ್ಲಿ ಬಸುರಿಯ ಕಡೆಯ ಒಬ್ಬ ಹೆಂಗಸು ಲೇಬರ್ ರೂಮಿನೊಳಗೆ ಇರಬಹುದು, ಯಾರು ಇರುತ್ತೀರಿ ಎಂದು ಕೇಳಿದಳು. ನಾನು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಅಕ್ಷತಾಳ ಬೆರಳು ನನ್ನತ್ತ ತೋರಿಸಿತ್ತು. "ಐ ವಿಲ್" ಎಂದೆ. ಚರ್ಚಿನಲ್ಲಿ ಮದುಮಗಳು ಹೇಳಿದ ಹಾಗೆ. ನರ್ಸ್ ಕಾರ್ಡಿನ ಮೇಲೆ ನನ್ನ ಹೆಸರು ಬರೆದುಕೊಂಡಳು.

ಹೊರಗೆ ಟೋಟೋ, ಅಂದರೆ ಬ್ಯಾಟರಿ ರಿಕ್ಷಾ, ಹತ್ತುವಾಗ ಅಕ್ಷತಾ ಹೇಳಿದಳು: "ನಂಗ ಬ್ಯಾನಿಗೆ ಅಂಜಿಕಿ ಇಲ್ರಿ. ಅವರು ಏನಂತಾರ ನಂಗ ತಿಳೀಲಿಲ್ಲಂದ್ರ ಏನ್ ಮಾಡ್ಲಿ, ಅದ ಒಂದ ಅಂಜಿಕಿ. ನೀವ್ ಇರ್ತೀರಲ್ಲಾ?"

"ಇರ್ತೀನಮ್ಮ. ಪಕ್ಕದಲ್ಲೇ ಇರ್ತೀನಿ. ಪ್ರಾಮಿಸ್."

ಆ ವರ್ಷದ ಬೇಸಿಗೆ ಚೈತ್ರ ಮುಗಿಯುವ ಮೊದಲೇ ಸುಡಲು ಶುರುಮಾಡಿತು. ಗಂಗೆ ಸೊರಗಿ ಆಚೆ ದಡದ ಮರಳು ಕಣ್ಣು ಬಿಡಲಾಗದಷ್ಟು ಬೆಳ್ಳಗಾಯಿತು. ಹತ್ತು ಗಂಟೆಯಾದರೆ ಘಾಟಿನ ಕಲ್ಲು ಕಾದ ಹೆಂಚು. ಮಧ್ಯಾಹ್ನದ ಬಿಸಿಗಾಳಿ, ಇಲ್ಲಿಯವರು ಲೂ ಎನ್ನುವುದು, ಓಣಿಯಲ್ಲಿ ತಿರುಗಿಕೊಂಡು ಬಂದು ಬಾಗಿಲು ಬಡಿಯುತ್ತಿತ್ತು. ಆದ್ದರಿಂದ ನಮ್ಮ ಕ್ಲಾಸು ಬೆಳಿಗ್ಗೆ ಆರೂವರೆಗೆ, ಮೇಲಿನ ಮಾಳಿಗೆಯಲ್ಲಿ. ಹೌದು, ನಾನು ಕ್ಲಾಸನ್ನೇ ನಡೆಸಿದೆ. ಇನ್ನೂರು ಪುಟದ ನೋಟ್‌ಬುಕ್ಕು ತಂದು, ಮಾರ್ಜಿನ್ ಎಳೆದು, ಒಂದು ಕಡೆ ಹಿಂದಿ, ಒಂದು ಕಡೆ ಕನ್ನಡ ಬರೆಸಿದೆ. ಸಿಸ್ಟರ್, ದಯವಿಟ್ಟು ಇಲ್ಲಿ ಬನ್ನಿ. ನನಗೆ ಪೀಡೆಯಾಗುತ್ತಿದೆ. ಕೃಪಯಾ ಜಲ ಕೊಡಿ. ನಿಮಗೆ ಬಹಳ ಧನ್ಯವಾದ. ಎಲ್ಲ ಶುದ್ಧ ಪುಸ್ತಕದ ಹಿಂದಿ. ಹೇಳಿದ್ದನ್ನು ತಪ್ಪಿಲ್ಲದೆ ಒಪ್ಪಿಸಿದರೆ 'ವೆರಿ ಗುಡ್' ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದೆ.

"ದೊಡ್ಡತ್ತಿ, ಬ್ಯಾನಿ ತಿನ್ನೂ ಹೊತ್ತಿನ್ಯಾಗ ಇಷ್ಟೆಲ್ಲಾ ಹೆಂಗ್ ನೆನಪ್ ಇರ್ತದ್ರಿ? ನಾ ಬರೇ ಅವ್ವಾ ಅಂತೀನಿ, ಅಷ್ಟ."

"ಕಿರಿಚಿದ್ರೆ ಅಲ್ಲಿ ಯಾರೂ ಕೇಳಲ್ಲ. ಮ್ಯಾನರ್ಸ್ ಇಂದ ಮಾತಾಡಿದ್ರೆ ಮರ್ಯಾದೆ ಕೊಡ್ತಾರೆ."

"ಮರ್ಯಾದಿ ಹೊರಗ ಬಿಟ್ಟು ಒಳಗ ಹೋಗ್ಬೇಕು ಅಂತಿದ್ಲು ನಮ್ಮಜ್ಜಿ."

ನಾನು ನಕ್ಕೆ, ಆದರೆ ನೋಟ್‌ಬುಕ್ಕು ಬದಲಾಯಿಸಲಿಲ್ಲ.

ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಹೆರಿಗೆಯ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ನನ್ನ ಒಬ್ಬಳೇ ಮಗಳು ಹುಟ್ಟಿದ್ದು ಪ್ರೈವೇಟ್ ನರ್ಸಿಂಗ್ ಹೋಮಿನಲ್ಲಿ, ನನಗೆ ಪೂರ್ತಿ ಪ್ರಜ್ಞೆ ತಪ್ಪಿಸಿ, ಹೊಟ್ಟೆ ಕುಯ್ದು. ಕಣ್ಣು ತೆರೆದಾಗ ತೊಟ್ಟಿಲಲ್ಲಿ ತೊಳೆದು ಸುತ್ತಿಟ್ಟ ಮಗುವಿತ್ತು. ಆಗ ಯಾರೋ ಕೊಟ್ಟಿದ್ದ ಇಂಗ್ಲಿಷ್ ಪುಸ್ತಕವೊಂದು ನನ್ನ ಹತ್ತಿರ ಉಳಿದಿತ್ತು, ಬಸುರಿಯರಿಗಾಗಿ ಬರೆದದ್ದು. ಅದನ್ನೇ ಅಕ್ಷತಾಗೆ ಅಧ್ಯಾಯ ಅಧ್ಯಾಯವಾಗಿ ಹೇಳಿದೆ. ಏನು ತಿನ್ನಬೇಕು, ಯಾವ ಮಗ್ಗುಲಲ್ಲಿ ಮಲಗಬೇಕು, ಬ್ಯಾಗಿನಲ್ಲಿ ಏನೇನು ಇಟ್ಟುಕೊಳ್ಳಬೇಕು. ಅದಾದ ಮೇಲಿನ ಅಧ್ಯಾಯದಲ್ಲಿ ಡ್ರಾಯಿಂಗುಗಳಿದ್ದವು. ಕಾಲು ಅಗಲಿಸಿದ ಹೆಂಗಸು, ಯಾವಾಗ ಕೆಳಕ್ಕೆ ಬಲ ಹಾಕಿ ಮುಕ್ಕಬೇಕು, ಯಾವಾಗ ತಡೆದು ಉಸಿರು ಬಿಡಬೇಕು. ನಾನು ಆ ಹಾಳೆಗಳನ್ನು ಒಟ್ಟಿಗೆ ಹಿಡಿದು ಮಗುಚಿ, 'ಮಗುವನ್ನು ಮನೆಗೆ ತಂದ ಮೇಲೆ' ಎಂಬ ಅಧ್ಯಾಯಕ್ಕೆ ಹೋದೆ.

"ನಡುವ ಏನೋ ಬಿಟ್ರಿ" ಎಂದಳು ಅಕ್ಷತಾ.

"ಅದೆಲ್ಲ ಅಲ್ಲಿ ಡಾಕ್ಟರ್ಸ್ ಹೇಳ್ತಾರೆ. ನಾನಿರ್ತೀನಲ್ಲ, ಟ್ರಾನ್ಸ್‌ಲೇಟ್ ಮಾಡ್ತೀನಿ."

ಎಪ್ಪತ್ತು ದಾಟಿದ ಹೆಂಗಸು ನಾನು. ಮೂವತ್ತೆಂಟು ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿದವಳು. ಆ ನಾಲ್ಕು ಹಾಳೆ ಓದಿ ಹೇಳಲು ನನಗೆ ನಾಚಿಕೆಯಾಯಿತು.

ತಿಂಗಳಿಗೊಮ್ಮೆ, ಕೊನೆಕೊನೆಗೆ ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗುತ್ತಿದ್ದೆವು. ಅಲ್ಲಿ ಬೆಂಚಿನ ಮೇಲೆ ಕೂರುವ ಮೊದಲು ನಾನು ಪರ್ಸಿನಿಂದ ಪೇಪರು ತೆಗೆದು ಹಾಸುತ್ತಿದ್ದೆ. ಗಂಗೆಯಾಚೆಯ ರಾಮನಗರದಿಂದ ಸೊಸೆಯನ್ನು ಕರೆದುಕೊಂಡು ಬರುತ್ತಿದ್ದ ರಾಮದುಲಾರಿ ಎಂಬ ದೋಣಿಯವರ ಹೆಂಗಸು ಅದನ್ನು ನೋಡಿ, "ಬೈಠೀಂ ಮಾಈ, ಬೆಂಚ್ ಕಾಟೀ ನಾ" ಎಂದಳು. ಕೂತುಕೊಳ್ಳಿ ತಾಯಿ, ಬೆಂಚು ಕಚ್ಚುವುದಿಲ್ಲ ಎಂದು. ಸುತ್ತಲಿನವರು ನಕ್ಕರು. ಅಕ್ಷತಾಗೆ ಮಾತು ತಿಳಿಯದಿದ್ದರೂ ಅವಳೂ ನಕ್ಕಳು. ರಾಮದುಲಾರಿ ಸೆರಗಿನ ಗಂಟಿನಿಂದ ಮಾವಿನಕಾಯಿ ಹೋಳು ತೆಗೆದು, ಉಪ್ಪು ಹಚ್ಚಿ, ಸೊಸೆಗೊಂದು ಅಕ್ಷತಾಗೊಂದು ಕೊಟ್ಟಳು. ನಾನು ಬೇಡ ಎಂದು ಕಣ್ಣುಸನ್ನೆ ಮಾಡುವಷ್ಟರಲ್ಲಿ ನಮ್ಮವಳು ಅದನ್ನು ಅಗಿದು ನುಂಗಿಯಾಗಿತ್ತು. ಇಬ್ಬರಿಗೂ ಒಂದೇ ವಾರದಲ್ಲಿ ದಿನ ತುಂಬುತ್ತಿತ್ತು. ಆಮೇಲಾಮೇಲೆ ಅಕ್ಷತಾ ಒಳಗೆ ಕಾಲಿಟ್ಟ ಕೂಡಲೇ "ಕಾಕಿ ಬಂದಾರೇನು" ಎಂದು ಕಣ್ಣಾಡಿಸುತ್ತಿದ್ದಳು. ಅವರಿಬ್ಬರಲ್ಲಿ ಒಬ್ಬರ ಭಾಷೆ ಒಬ್ಬರಿಗೆ ಬಾರದು, ಗಂಟೆಗಟ್ಟಲೆ ಅದೇನು ಮಾತಾಡುತ್ತಿದ್ದರೋ. ನನಗೆ ಸಣ್ಣ ಹೊಟ್ಟೆಯುರಿಯಾಗುತ್ತಿತ್ತು ಎಂದರೆ ಸುಳ್ಳಲ್ಲ.

ಅಲ್ಲಿ ಒಮ್ಮೆ ನನ್ನ ಹಳೆಯ ಸಹೋದ್ಯೋಗಿಯೊಬ್ಬಳು ಎದುರಾದಳು. "ನೀವಿಲ್ಲಿ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. "ಓಹ್, ಜಸ್ಟ್ ಸಮ್ ಸೋಷಿಯಲ್ ವರ್ಕ್" ಎಂದೆ. ನಮ್ಮ ಮನೆಯ ಸೊಸೆ ಎನ್ನಲಿಲ್ಲ. ಅಕ್ಷತಾ ಪಕ್ಕದಲ್ಲೇ ಕೈ ಮುಗಿದು ನಿಂತಿದ್ದಳು.

ಜೂನ್ ನಡುವಿನ ಒಂದು ಬೆಳಿಗ್ಗೆ ಆರು ಗಂಟೆಗೆ ಅವಳಿಗೆ ನೀರು ಹೋಯಿತು. ಗಜಾನನ ಘಾಟಿನಲ್ಲಿ ಯಾತ್ರಿಕರ ತರ್ಪಣ ನಡುವೆ ಬಿಟ್ಟು ಒದ್ದೆ ಪಂಚೆಯಲ್ಲೇ ಓಡಿಬಂದ. ಟೋಟೋದಲ್ಲಿ ನಾನು ಅವಳ ಕೈ ಹಿಡಿದು ಕೂತಿದ್ದೆ. ನೋಟ್‌ಬುಕ್ಕು ಬ್ಯಾಗಿನಲ್ಲಿತ್ತು. ನನಗೆ ಪರೀಕ್ಷೆಯ ಹಾಲಿಗೆ ಒಳ್ಳೆಯ ವಿದ್ಯಾರ್ಥಿನಿಯನ್ನು ಕರೆದುಕೊಂಡು ಹೋಗುವ ಟೀಚರಿನ ಹುರುಪು.

ಲೇಬರ್ ರೂಮಿನ ಬಾಗಿಲಲ್ಲಿ ಖಾಕಿ ಹಾಕಿದ ದಪ್ಪ ಹೆಂಗಸು ಗಾರ್ಡ್ ಇದ್ದಳು. ಗಂಡಸರನ್ನು ಕೋಲಿನಿಂದಲೇ ಹಿಂದೆ ಸರಿಸಿದಳು. ನನ್ನ ಹೆಸರನ್ನು ಕಾರ್ಡಿನಲ್ಲಿ ನೋಡಿ, ನನ್ನ ಇಂಗ್ಲಿಷ್ ಕೇಳಿ, "ಆಯಿಯೇ ಮೇಡಂ" ಎಂದು ಬಾಗಿಲನ್ನು ತಾನೇ ತೆರೆದು ಹಿಡಿದಳು. ಇದನ್ನು ನೆನಪಿಡಬೇಕು. ಬಾಗಿಲನ್ನು ಅವಳೇ ತೆರೆದಳು.

ಒಳಗೆ ನಾಲ್ಕು ಮಂಚ, ನಡುವೆ ಹಸಿರು ಪರದೆ. ಫ್ಯಾನಿನ ಕೆಳಗೂ ಬೆವರು. ಫಿನಾಯಿಲ್, ರಕ್ತ, ಇನ್ನೂ ಏನೇನೋ. ಪಕ್ಕದ ಪರದೆಯಾಚೆ ರಾಮದುಲಾರಿಯ ದನಿ ಕೇಳಿಸಿತು, ಅವಳ ಸೊಸೆಯೂ ಆವತ್ತೇ ಬಂದಿದ್ದಳು. ಎರಡು ಗಂಟೆ ಹೇಗೋ ಕಳೆಯಿತು. ನರ್ಸ್ ಹೇಳಿದ್ದನ್ನು ನಾನು ಕನ್ನಡ ಮಾಡಿ ಹೇಳಿದೆ, ಅಕ್ಷತಾ ಹೇಳಿದ್ದನ್ನು ಹಿಂದಿ ಮಾಡಿದೆ. ಆಮೇಲೆ ನೋವು ಒಂದರ ಮೇಲೊಂದು ಬರತೊಡಗಿತು. ಅಕ್ಷತಾ ಕಿರಿಚಿದಳು. ನೋಟ್‌ಬುಕ್ಕಿನ ಒಂದು ಮಾತೂ ಅಲ್ಲ, ಗದಗಿನ ಹೊಲಕ್ಕೆ ಕೇಳಿಸುವ ಹಾಗೆ "ಯವ್ವಾ" ಎಂದು. ನರ್ಸ್ ಅವಳ ಸೀರೆಯನ್ನು ಸೊಂಟದ ಮೇಲಕ್ಕೆ ಸರಿಸಿ, "ಮಾತಾಜೀ, ಇಧರ್ ಆಯಿಯೇ, ಪೈರ್ ಪಕಡಿಯೇ" ಎಂದಳು.

ಕಾಲು ಹಿಡಿದುಕೊಳ್ಳಿ, ಅಷ್ಟೇ ಅವಳು ಹೇಳಿದ್ದು. ಬೋರ್ಡಿಂಗಿನಲ್ಲಿ ನಾವು ಸ್ನಾನವನ್ನೂ ಉದ್ದ ಗೌನು ತೊಟ್ಟುಕೊಂಡೇ ಮಾಡುತ್ತಿದ್ದೆವು. ನಾನು ಅಕ್ಷತಾಳ ಪಾದ ಹಿಡಿದು ಗೋಡೆ ನೋಡಿದೆ. ಅಲ್ಲೊಂದು ಪೋಸ್ಟರಿನಲ್ಲಿ ತಾಯಿ ಮಗು ನಗುತ್ತಿದ್ದರು. ಒಂದು ನೋವು ಹಾಗೆ ಕಳೆಯಿತು. ಕಾಲು ನನ್ನ ಕೈಯಲ್ಲಿ ಕಬ್ಬಿಣದ ಹಾಗೆ ಬಿಗಿದು, ಮತ್ತೆ ಸಡಿಲವಾಯಿತು. ನನ್ನ ಕೈಗೆ ಬೆಚ್ಚಗೆ ಏನೋ ತಾಗಿತು. ನಾನು ಕಾಲು ಬಿಟ್ಟೆ.

"ಫ್ಲಾಸ್ಕಿಗೆ ಬಿಸಿನೀರು ತುಂಬಿಸಿಕೊಂಡು ಬರ್ತೀನಿ ಅಕ್ಷತಾ. ಜಸ್ಟ್ ಟೆನ್ ಮಿನಿಟ್ಸ್."

"ಹೋಗಬ್ಯಾಡ್ರಿ ದೊಡ್ಡತ್ತಿ."

"ಈಗ ಬಂದೆ."

"ದೊಡ್ಡತ್ತಿ, ಹೋಗಬ್ಯಾಡ್ರೀ!"

ನಾನು ಹೋದೆ. ಗಾರ್ಡ್ ಮತ್ತೆ ಬಾಗಿಲು ತೆರೆದಳು. ಗಜಾನನ ಔಷಧಿ ತರಲು ಹೋಗಿದ್ದ. ಬಿಸಿನೀರು ಆಸ್ಪತ್ರೆಯ ಗೇಟಿನ ಚಹಾದಂಗಡಿಯಲ್ಲೇ ಸಿಗುತ್ತಿತ್ತು. ನಾನು ಗೇಟು ದಾಟಿ ಟೋಟೋ ಹತ್ತಿದೆ. ಮನೆಗೆ ಹೋದರೆ ಇಂದಿರಾ ಕೇಳುತ್ತಾಳೆ. ಮನೆಯ ಓಣಿ ಬಿಟ್ಟು ಕೇದಾರ ಘಾಟಿನ ಓಣಿಗೆ ಇಳಿದೆ. ಅಲ್ಲಿ ನಮ್ಮ ಕಡೆಯವರ ಇಡ್ಲಿ-ದೋಸೆಯ ಹೋಟೆಲಿದೆ. ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದು ಬಂದು, ಮೂಲೆಯ ಮೇಜಿನಲ್ಲಿ ಕೂತು ಫಿಲ್ಟರ್ ಕಾಫಿ ತರಿಸಿಕೊಂಡೆ. ಅದು ಮುಗಿದ ಮೇಲೆ ಇನ್ನೊಂದು. ಪಕ್ಕದ ಮೇಜಿನಲ್ಲಿ ಯಾತ್ರಿಕರು ವಡೆ ಚೆನ್ನಾಗಿದೆ, ಚಟ್ನಿಗೆ ಉಪ್ಪು ಕಡಿಮೆ ಎಂದು ಮಾತಾಡುತ್ತಿದ್ದರು. ನಾನೂ ಅವರೊಡನೆ ಮಾತಾಡಿದೆ. ಯಾವ ಊರು, ಎಷ್ಟು ದಿನ, ಗಂಗಾಸ್ನಾನ ಆಯಿತೇ. ಈಗ ಏಳುತ್ತೇನೆ, ಈಗ ಏಳುತ್ತೇನೆ ಎಂದುಕೊಳ್ಳುತ್ತಲೇ ಇದ್ದೆ. ಹತ್ತು ನಿಮಿಷ ಎಂದು ಹೇಳಿ ಬಂದವಳು ಎದ್ದದ್ದು ಎರಡು ಗಂಟೆ ಹೊತ್ತು ಕಳೆದ ಮೇಲೆ.

ಆಸ್ಪತ್ರೆಗೆ ಮರಳಿದಾಗ ಅಕ್ಷತಾಳನ್ನು ಆಪರೇಷನ್ ಥಿಯೇಟರಿಗೆ ಒಯ್ದಿದ್ದರು. ಮಗು ಹುಟ್ಟಿತ್ತು, ಹೆಣ್ಣು, ಚೆನ್ನಾಗಿತ್ತು. ತಾಯಿಗೆ ಹಿಂದಿನವರೆಗೂ ಹರಿದಿತ್ತು, ಹೊಲಿಗೆ ಹಾಕುತ್ತಿದ್ದರು, ರಕ್ತ ಬಹಳ ಹೋಗಿತ್ತು. ಗಜಾನನ ಗೋಡೆಗೆ ಒರಗಿ ನಿಂತಿದ್ದ. ನನ್ನನ್ನು ಕಂಡು, "ದೊಡ್ಡಮ್ಮಾ, ನೀವು ಒಳಗ ಇರ್ಲಿಲ್ಲೇನು?" ಎಂದ.

"ಗಾರ್ಡ್ ಒಳಗೆ ಬಿಡಲಿಲ್ಲಪ್ಪ" ಎಂದೆ. "ನೀರಿಗೆ ಹೊರಗೆ ಬಂದವಳನ್ನು ಮತ್ತೆ ಒಳಗೆ ಬಿಡಲೇ ಇಲ್ಲ. ಎಷ್ಟು ಕೇಳಿಕೊಂಡೆ."

ಎಷ್ಟು ಸಲೀಸಾಗಿ ಬಂತು ಆ ಮಾತು! ಕರೆಕ್ಟ್ ಗ್ರಾಮರ್, ಕರೆಕ್ಟ್ ಪಂಕ್ಚುಯೇಷನ್.

ಯಾರಿಗೂ ಎದುರು ಮಾತಾಡದ ಗಜಾನನ ಸೀದಾ ಬಾಗಿಲಿಗೆ ಹೋಗಿ ಆ ಹೆಂಗಸಿನ ಮೇಲೆ ಕೂಗಾಡಿದ. ಪಾಪಿಷ್ಠೆ, ಮನುಷ್ಯತ್ವವಿಲ್ಲದವಳು, ವೃದ್ಧೆಯನ್ನು ತಡೆದವಳು ಎಂದು ತನ್ನ ಮಂತ್ರದ ಹಿಂದಿಯಲ್ಲಿ ಬೈದ. ಜನ ಸೇರಿದರು. ಆಕೆ ಅವನನ್ನು ನೋಡಲಿಲ್ಲ, ಅವನ ಹೆಗಲ ಮೇಲಿಂದ ನನ್ನನ್ನು ನೋಡಿದಳು. ನಾನು ಪರ್ಸಿನ ಜಿಪ್ ಎಳೆಯುತ್ತಿದ್ದೆ. "ಮಾತಾಜೀ ಭೂಲ್ ಗಯೀ ಹೋಂಗೀ" ಎಂದಳು. ಮಾತಾಜಿ ಮರೆತಿರಬೇಕು. ಅಷ್ಟು ಹೇಳಿ ಕೋಲು ತೆಗೆದುಕೊಂಡು ತನ್ನ ಸ್ಟೂಲಿನ ಮೇಲೆ ಕೂತಳು.

ಒಳಗೆ ಏನಾಯಿತೆಂದು ನನಗೆ ಹೇಳಿದ್ದು ರಾಮದುಲಾರಿ. ಆಕೆಯ ಸೊಸೆಗೆ ಆಗಲೇ ಗಂಡು ಹುಟ್ಟಿತ್ತು. ವರಾಂಡದಲ್ಲಿ ಕೈ ತಿರುಗಿಸಿ ತಿರುಗಿಸಿ ಹೇಳಿದಳು: ದಾರಿ ಇನ್ನೂ ಪೂರ್ತಿ ತೆರೆದಿರಲಿಲ್ಲ, ಈಗಲೇ ಮುಕ್ಕಬೇಡ ಎಂದು ನರ್ಸ್ ಹೇಳುತ್ತಿದ್ದಳು, ನಿಮ್ಮ ಹುಡುಗಿ ಪ್ರತಿ ಸಲವೂ ಇನ್ನೂ ಜೋರಾಗಿ ಮುಕ್ಕುತ್ತಿದ್ದಳು. ನರ್ಸ್ ಬೈದಷ್ಟೂ ಇವಳು ಮುಕ್ಕುತ್ತಿದ್ದಳು. ಹಟಮಾರಿ ಎಂದರು. "ಜಿದ್ದೀ ನಾ ಹೌ, ಬುಝತ್ ನಾ ಹೌ" ಎಂದು ಅವರಿಗೆ ನಾನೇ ಹೇಳಿದೆ, ಎಂದಳು ರಾಮದುಲಾರಿ. ಹಟವಲ್ಲ, ತಿಳಿಯುತ್ತಿಲ್ಲ ಅವಳಿಗೆ. ಪರದೆ ಸರಿಸಿ ಹೋಗಿ, ಅವಳ ಎರಡೂ ಕೆನ್ನೆ ಹಿಡಿದು, ಒಲೆ ಊದುವ ಹಾಗೆ ಫೂ ಫೂ ಎಂದು ಊದಿ ತೋರಿಸಿದೆ. ಆಗ ಊದಿದಳು, ನನ್ನ ಮುಖವನ್ನೇ ನೋಡುತ್ತಾ. ಆದರೆ ಅಷ್ಟು ಹೊತ್ತಿಗೆ ಊತ ಬಂದು ಆಗಬಾರದ್ದು ಆಗಿಹೋಗಿತ್ತು.

"ಆಪ್ ಕಹಾಂ ರಹ್‌ಲೀಂ, ಮಾಈ?" ಎಂದು ಕೊನೆಗೆ ಕೇಳಿದಳು. ನೀವೆಲ್ಲಿದ್ದಿರಿ? ಅವಳಿಗೂ ಗಾರ್ಡಿನ ಕಥೆ ಹೇಳಿದೆ.

ಸಂಜೆ ವಾರ್ಡಿಗೆ ತಂದ ಮೇಲೆ ನಾನು ಬಗ್ಗಿ ಅಕ್ಷತಾಳ ಹಣೆ ಒರೆಸಿದೆ. ತುಟಿ ಒಣಗಿ ಬಿಳಿಚಿತ್ತು. ಕಣ್ಣು ತೆರೆದು ನನ್ನನ್ನು ನೋಡಿ, ಮೊದಲು ಹೇಳಿದ್ದು ಇದು:

"ಅವರು 'ಜೋರ್ ಮತ್ತ, ಜೋರ್ ಮತ್ತ' ಅಂತಿದ್ರು ದೊಡ್ಡತ್ತಿ. ನಾ ಮತ್ತ ಮತ್ತ ಜೋರ್ ಹಾಕಿದೆ. ಎಷ್ಟ್ ಹಾಕಿದ್ರೂ ಬೈತಿದ್ರು."

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ನರ್ಸ್ ಹೇಳಿದ್ದು ಜೋರ್ ಮತ್ ಲಗಾಓ, ಬಲ ಹಾಕಬೇಡ ಎಂದು. ಹಿಂದಿಯ 'ಮತ್' ಎಂದರೆ ಬೇಡ. ಅವಳ ಊರಿನಲ್ಲಿ 'ಮತ್ತ' ಎಂದರೆ ಮತ್ತೆ, ಇನ್ನೊಮ್ಮೆ. ಬೇಡ ಬೇಡ ಎಂದು ಅವರು ಕೂಗಿದ್ದು ಅವಳ ಕಿವಿಗೆ ಇನ್ನೊಮ್ಮೆ, ಇನ್ನೊಮ್ಮೆ ಎಂದು ಬಿದ್ದಿತ್ತು. ಬೀದಿಯ ಪ್ರತಿ ಮಗುವೂ ದಿನಕ್ಕೆ ನೂರು ಸಲ ಕೇಳುವ ಆ ಎರಡಕ್ಷರ ನನ್ನ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಎಲ್ಲೂ ಇರಲಿಲ್ಲ. 'ಕೃಪಯಾ ಐಸಾ ನ ಕರೇಂ', ದಯವಿಟ್ಟು ಹಾಗೆ ಮಾಡಬೇಡಿ, ಎಂದು ಬರೆಸಿದ್ದೆ. 'ಮತ್' ಎನ್ನುವುದು ಆಳುಗಳಿಗೆ ಹೇಳುವ ಮಾತು, ಅಷ್ಟು ಡೀಸೆಂಟ್ ಅಲ್ಲ ಎಂದು ನನ್ನ ಅಭಿಪ್ರಾಯವಾಗಿತ್ತು. ಹೋಗಲಿ, ನೋಟ್‌ಬುಕ್ಕಿನಲ್ಲಿ ಇರದಿದ್ದರೂ ನಾನು ಅಲ್ಲಿದ್ದಿದ್ದರೆ ಸಾಕಿತ್ತು. 'ಬೇಡ ಕಣೇ' ಎಂದು ಎರಡು ಪದ.

ಆ ಆಷಾಢ, ಶ್ರಾವಣ ಅವಳು ನಿಂತೇ ಉಂಡಳು. ಕೂರಲು ಆಗುತ್ತಿರಲಿಲ್ಲ. ಮಗುವಿಗೆ ಹಾಲನ್ನೂ ಮಗ್ಗುಲಾಗಿ ಮಲಗಿಯೇ ಕೊಡಬೇಕು. ನಕ್ಕರೆ, ಸೀನಿದರೆ ಬಟ್ಟೆ ಹಾಳಾಗುತ್ತಿತ್ತು. ಮಡಿಯ ಮನೆಯಲ್ಲಿ ಅದನ್ನು ಮುಚ್ಚಿಟ್ಟುಕೊಂಡು ದಿನಕ್ಕೆ ಮೂರು ಸಲ ಮೈ ತೊಳೆದುಕೊಳ್ಳುತ್ತಿದ್ದಳು. ಅಷ್ಟು ಗಟ್ಟಿಯಾಗಿ ನಗುತ್ತಿದ್ದ ಹುಡುಗಿ ಬಾಯಿಗೆ ಸೆರಗು ಒತ್ತಿಕೊಂಡು ನಗುವುದನ್ನು ಕಲಿತಳು. ಆರು ತಿಂಗಳ ಮೇಲೆ ಸರಿಹೋಯಿತು, ಬಹುಪಾಲು. ಹೊರಗೆ ಮಳೆ ಬಂತು, ಗಂಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಓಣಿಯ ಬಾಯಿಗೆ ಬಂತು. ರಾಮದುಲಾರಿ ಅಂಥ ನೀರಿನಲ್ಲೂ ಸೇತುವೆ ಸುತ್ತಿ ಬಸ್ಸಿನಲ್ಲಿ ಬಂದು, ಸೊಂಠಿಯ ಲಾಡು ಕೊಟ್ಟು, ಅಕ್ಷತಾಳ ಸೊಂಟಕ್ಕೆ ಎಣ್ಣೆ ತಿಕ್ಕಿ ಹೋಗುತ್ತಿದ್ದಳು. ಇಂದಿರಾ ಮೊದಲು ಮೂಗು ಮುರಿದವಳು ಆಮೇಲೆ ಆಕೆಗೆ ಚಹಾ ಮಾಡಿಕೊಡತೊಡಗಿದಳು.

ನಾಮಕರಣದ ದಿನ ಬಂದವರೆದುರು ಇಂದಿರಾ ಹೇಳಿದಳು: "ನಮ್ಮ ಅಕ್ಕಾ ಇದ್ರು ಅಂತ ಹುಡುಗಿ ಬಚ್ ಗಯೀ. ಈ ವಯಸ್ಸಿನ್ಯಾಗ ಮೂರು ತಿಂಗಳ ತನಕ ಪಾಠ ಹೇಳಿ, ಅಸ್ಪತಾಲಕ್ಕ ಓಡಾಡಿ! ಆ ರಾಕ್ಷಸಿ ಗಾರ್ಡ್ ತಡೀದಿದ್ರ ಇಷ್ಟೂ ಆಗ್ತಿರ್ಲಿಲ್ಲ." ಎಲ್ಲರೂ ನನ್ನ ಕಡೆ ನೋಡಿದರು. ಅಕ್ಷತಾ ಮಗುವಿನ ಟೋಪಿಯ ದಾರ ಕಟ್ಟುತ್ತಿದ್ದಳು. "ಹೌದ್ರಿ, ದೊಡ್ಡತ್ತಿ ಭಾಳ ಮಾಡ್ಯಾರ" ಎಂದಳು.

ಆ ಗಾರ್ಡನ್ನು ನಾನು ಮತ್ತೆ ನೋಡಲಿಲ್ಲ. ಒಂದು ಸಲ ಹೋಗಿದ್ದೆ, ಕ್ಷಮೆ ಕೇಳುವುದೆಂದು. ಸ್ಟೂಲಿನ ಮೇಲೆ ಬೇರೆ ಯಾರೋ ಇದ್ದರು. ಹೆಸರು ಗೊತ್ತಿಲ್ಲದವಳನ್ನು ಏನೆಂದು ಕೇಳುವುದು? ಸಮಾಧಾನವಾಯಿತು ಎಂದರೆ ನಂಬುತ್ತೀರಾ, ಸಮಾಧಾನವೇ ಆಯಿತು.

ನಿನ್ನೆ ಆ ಸದ್ದು ಕೇಳಿ ಬಹಳ ಹೊತ್ತು ಕೂತಿದ್ದು, ಕೆಳಗಿಳಿದು ಹೋದೆ. ಇಂದಿರಾ ಮಲಗಿದ್ದಳು, ಮಗುವೂ ನಿದ್ದೆ ಮಾಡುತ್ತಿತ್ತು. ಅಕ್ಷತಾ ಕಾಲು ಚಾಚಿ ಕೂತು ಬಟ್ಟೆ ಮಡಿಸುತ್ತಿದ್ದಳು. ಈಗ ಅವಳ ಹಿಂದಿ ನನ್ನದಕ್ಕಿಂತ ಚುರುಕು. ತರಕಾರಿಯವನ ಹತ್ತಿರ ಜಗಳಾಡುವುದನ್ನು ಮೇಲಿನಿಂದ ಕೇಳುತ್ತಿರುತ್ತೇನೆ. ಎದುರಿಗೆ ಕೂತೆ. ಮೂರು ವರ್ಷ ಬಾಯಲ್ಲಿ ಇಟ್ಟುಕೊಂಡದ್ದನ್ನು ಹೇಗೆ ಶುರುಮಾಡುವುದೆಂದು ತಿಳಿಯದೆ, ಒಮ್ಮೆಗೇ ಹೇಳಿಬಿಟ್ಟೆ.

"ಅಕ್ಷತಾ, ಆವತ್ತು ಗಾರ್ಡ್ ನನ್ನನ್ನ ತಡೆದಿರಲಿಲ್ಲ."

ಅವಳ ಕೈ ನಿಲ್ಲಲಿಲ್ಲ. "ಗೊತ್ತದ ರೀ."

"ಗೊತ್ತಾ? ಯಾರು ಹೇಳಿದ್ರು?"

"ಯಾರ್ ಹೇಳ್ತಾರ? ನೀವು ಬಗ್ಗಿ ನನ್ನ ಹಣಿ ಒರಿಸಿದ್ರಲ್ಲಾ, ಬಾಯಿಂದ ಕಾಫಿ ವಾಸನಿ ಬಂತು. ದವಾಖಾನಿಯೊಳಗ ಕಾಫಿ ಎಲ್ಲಿ ಸಿಗ್ತದ ರೀ? ಅಲ್ಲೆಲ್ಲಾ ಚಾ."

ನಾನು ಸೆರಗಿನಿಂದ ಬಾಯಿ ಒರೆಸಿಕೊಂಡೆ. "ಮೂರು ವರ್ಷ... ಯಾಕೆ ಯಾರಿಗೂ ಹೇಳಲಿಲ್ಲ?"

"ಏನಂತ ಹೇಳ್ಲಿ? ನೀವು ಅಂಜಿದ್ರಿ. ನಾನೂ ಅಂಜಿದ್ದೆ. ನಂಗ ಎದ್ದು ಹೋಗ್ಲಿಕ್ಕೆ ಬರ್ತಿರ್ಲಿಲ್ಲ, ಅಷ್ಟ." ಮಡಿಸಿದ ಬಟ್ಟೆಯನ್ನು ಒಂದರ ಮೇಲೊಂದು ಪೇರಿಸಿ ಅಂಗೈಯಿಂದ ಒತ್ತಿದಳು. "ಅತ್ತೀಗೆ ಹೇಳಬ್ಯಾಡ್ರಿ ಮತ್ತ. ಅವರಿಗೆ ಸುಮ್ನ ಬ್ಯಾಸರ."

ನನ್ನ ಕಣ್ಣಲ್ಲಿ ನೀರು ಬಂದದ್ದು ಅವಳಿಗೆ ಇಷ್ಟವಾಗಲಿಲ್ಲ ಎಂದು ಕಾಣುತ್ತದೆ. ಎದ್ದು ಹೋಗಿ ನೀರು ತಂದುಕೊಟ್ಟಳು. ಎಂಟು ತಿಂಗಳ ಹೊಟ್ಟೆ ಹೊತ್ತುಕೊಂಡು, ನನಗೆ.

"ಈ ಸಲ ಬರ್ತೀನಿ" ಎಂದೆ. "ನೀನು ಕರೆದರೆ ಬರ್ತೀನಿ. ಒಳಗೇ ಇರ್ತೀನಿ ಅಕ್ಷತಾ."

"ಬರ್ರಿ ದೊಡ್ಡತ್ತಿ, ಬರಬ್ಯಾಡ ಅಂತೀನೇನು?" ಎಂದಳು. ದನಿಯಲ್ಲಿ ಕೊಂಕಿರಲಿಲ್ಲ, ಅದೇ ಕಷ್ಟ. "ರಾಮದುಲಾರಿ ಕಾಕೀಗೂ ಫೋನ್ ಮಾಡಿ ಹೇಳೀನಿ. ಆಕೀದೂ ಹೆಸರು ಬರೆಸೀನಿ. ನೀವು ಹೊರಗ ಹೋದಾಗ ಆಕಿ ಒಳಗ ಇರ್ತಾಳ."

ಹೋದರೆ ಎನ್ನಲಿಲ್ಲ. ಹೋದಾಗ ಎಂದಳು. ಇಫ್‌ಗೂ ವ್ಹೆನ್‌ಗೂ ಇರುವ ವ್ಯತ್ಯಾಸವನ್ನು ಮೂವತ್ತೆಂಟು ವರ್ಷ ಬೋರ್ಡಿನ ಮೇಲೆ ಬರೆದು ಕಲಿಸಿದವಳು ನಾನು. ತಿದ್ದಲಿಲ್ಲ.